ಹಿಡಿಗೆ ಸುತ್ತುವ ಟೇಪು

ಅವಲಪಲ್ಲಿಯ ನಮ್ಮ ಬಡಾವಣೆಗೆ ಪಿಕಲ್‌ಬಾಲ್ ಅಂಕಣ ಬಂದಾಗ ನಾನೂ ನನ್ನ ಗೆಳೆಯನೂ ಆ ಆಟದ ಬ್ಯಾಟು, ಅಂದರೆ ಪ್ಯಾಡಲ್, ಕೊಳ್ಳಲು ಮತ್ತಿಗಿರಿಯ ಅಂಗಡಿಗೆ ಹೋದೆವು. ಒಂದೇ ಕಾರ್ಖಾನೆಯ ಪ್ರೆಸ್ ಯಂತ್ರದ ಮುಂದೆ ಜೊತೆಯಲ್ಲಿ ಸವೆದವರು ನಾವು. ಬಿಡಿಭಾಗಗಳಲ್ಲಿ ಬಿರುಕು ಹುಡುಕುತ್ತಿದ್ದ ಹಾಗೆಯೇ ಅವನು ಮೇಜಿನ ಮೇಲಿದ್ದ ಒಂದೊಂದು ಪ್ಯಾಡಲನ್ನೂ ಎಡಗೈಯಿಂದ ತಟ್ಟಿ, ಕಿವಿಗೊಟ್ಟು, "ಇದ್ ರಿಜೆಕ್ಟು" ಎನ್ನುತ್ತಾ ಹೋದ. ಅಂಗಡಿಯವನಿಗೆ ರೇಗಿತು.

"ಸದ್ದು ಬಿಡಿ ಸಾರ್, ಹಿಡಿ ನೋಡಿ. ಹಿಡ್ಕೊಂಡಾಗ ಉಂಗುರದ ಬೆರಳಿಗೂ ಅಂಗೈಗೂ ಮಧ್ಯೆ ಇನ್ನೊಂದ್ ಕೈ ಬೆರಳು ತೂರ್ಬೇಕು."

ಗೆಳೆಯ ಜೇಬಿನಿಂದ ಬಲಗೈ ತೆಗೆದ. ಉಂಗುರದ ಬೆರಳೂ ಇಲ್ಲ, ಕಿರುಬೆರಳೂ ಇಲ್ಲ. "ಇಲ್ಲಿ ನಿನ್ ಕೈಯೇ ತೂರ್ತದೆ ಕಣಪ್ಪ," ಎಂದು ಅವನೇ ನಕ್ಕ. ನನಗೆ ನಗು ಬರಲಿಲ್ಲ.

ಆ ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅದು ಇಳಿಯಬೇಕು. ಕೈ ಒಳಗೆ ಸಿಕ್ಕಬಾರದೆಂದೇ ಹಾಗೆ ಮಾಡಿದ್ದರು. ಟಾರ್ಗೆಟ್ ಮುಟ್ಟುವ ಆತುರಕ್ಕೆ ನಾವು ಒಂದು ಬಟನ್ ಸದಾ ಒತ್ತಿಕೊಂಡೇ ಇರುವಂತೆ ಟೇಪು ಸುತ್ತುತ್ತಿದ್ದೆವು. ಅವನ ಬೆರಳು ಹೋದ ದಿನ ಸುತ್ತಿದವನು ನಾನು. ವಿಚಾರಣೆಯಲ್ಲಿ ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಹಿಡಿ ದಪ್ಪವಾಗಲೆಂದು ಅಂಗಡಿಯವನು ಒಂದು ಸುರುಳಿ ಟೇಪು ಕೊಟ್ಟ. ಗೆಳೆಯ ಅದನ್ನು ನನ್ನ ಕೈಗಿಟ್ಟ.

"ನೀನೇ ಸುತ್ತು ಕಣ್ಲಾ. ನೀನ್ ಸುತ್ತಿದ್ ಟೇಪು ಬಿಚ್ಕೊಳ್ಳಲ್ಲ."