ಕಪಾಸಾ ಮೇಷ್ಟ್ರು ಬರೆದ ಒಂದು ಸಾಲು

ಕಪಾಸಾ ಮೇಷ್ಟ್ರು ಇಪ್ಪತ್ತೆರಡು ವರ್ಷ ನಮ್ಮ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿದರು. ಅದಕ್ಕೂ ಮೊದಲು ಹದಿನೆಂಟು ವರ್ಷ ಲುಸಾಕಾದ ಪತ್ರಿಕೆಯೊಂದಕ್ಕೆ ಫುಟ್‌ಬಾಲ್ ವರದಿ ಬರೆದಿದ್ದರು. ತಾಮ್ರದ ಗಣಿಯ ಊರುಗಳಲ್ಲಿ ಅವರ ವರದಿ ಓದದ ಕ್ಷೌರದಂಗಡಿ ಇರಲಿಲ್ಲ. ನಮ್ಮನ್ನು ಪಂದ್ಯಕ್ಕೆ ಕರೆದೊಯ್ದರೆ, ರೆಫರಿ ಕೊನೆಯ ಸೀಟಿ ಊದಿ, ಆಟಗಾರರು ಒಳಗೆ ಹೋದ ಮೇಲೂ ಬಿಡುತ್ತಿರಲಿಲ್ಲ. ಕೊನೆಯ ಪ್ರೇಕ್ಷಕ ಹೊರಗೆ ಹೋಗುವ ತನಕ ಗೇಟಿನ ಬಳಿ ನಿಂತು ನೋಡಬೇಕು. "ಮೇಷ್ಟ್ರು ವಾಚ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದಾರೆ ಕಣ್ರೋ" ಎಂದು ನಾವು ಹಲ್ಲು ಕಿರಿಯುತ್ತಿದ್ದೆವು. ಹೊಟ್ಟೆ ಚುರುಗುಟ್ಟುತ್ತಿದ್ದ ನಮಗೆ ಕಾರಣ ಕೇಳುವ ತಾಳ್ಮೆ ಎಲ್ಲಿತ್ತು?

ಅವರು ನಿವೃತ್ತರಾಗುವ ಹೊತ್ತಿಗೆ ನಾನೂ ಅದೇ ವಿಭಾಗದಲ್ಲಿ ಮೇಷ್ಟ್ರಾಗಿದ್ದೆ. ಅವರ ವರದಿಗಳ ಪುಸ್ತಕ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅವರಿಗೆ ಸುಳಿವು ಕೊಡದೆ ನಲವತ್ತು ವರದಿ ಆರಿಸಿದೆ. ಮೊದಲಿಗೇ 1986ರ ಕಪ್ ಪಂದ್ಯದ ವರದಿ ಹಾಕಿದೆ. ಅದರ ಕೊನೆಯ ಸಾಲು ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ: 'ಗೆದ್ದವರೂ ಸೋತವರೂ ಒಂದೇ ಹಾಡು ಹಾಡುತ್ತ ಮನೆಗೆ ಹೋದರು.'

ಸಮಾರಂಭದ ಹಿಂದಿನ ದಿನ ಪ್ರತಿ ಕೊಟ್ಟೆ. ಮೊದಲ ಪುಟ ತೆರೆದ ಮೇಷ್ಟ್ರ ಮುಖ ಇಳಿದುಹೋಯಿತು.

"ಇದನ್ನ ಹರಿದು ಹಾಕು."

"ಐನೂರು ಪ್ರತಿ ಅಚ್ಚಾಗಿದೆ ಸರ್. ಯಾಕೆ?"

"ಆ ಹಾಡು ನಾನು ಕೇಳೇ ಇಲ್ಲ ಕಣೋ."

ಆ ಪಂದ್ಯ ನಡೆದ ಊರಿಗೆಲ್ಲ ಸೇರಿ ಅಂಚೆ ಕಚೇರಿಯಲ್ಲಿ ಒಂದೇ ಫೋನು. ಸಂಜೆ ಆರರೊಳಗೆ ವರದಿ ಓದಿ ಹೇಳದಿದ್ದರೆ ಮರುದಿನದ ಪತ್ರಿಕೆ ತಪ್ಪುತ್ತಿತ್ತು. ಹಾಗಾಗಿ ವರದಿಗಾರರೆಲ್ಲ ಪಂದ್ಯ ಮುಗಿಯಲು ಹತ್ತು ನಿಮಿಷ ಇರುವಾಗಲೇ, ಎಂಬತ್ತನೇ ನಿಮಿಷಕ್ಕೆ ಎದ್ದು ಓಡುತ್ತಿದ್ದರು. ಕೊನೆಯ ಸಾಲನ್ನು ಮೊದಲೇ ಬರೆದಿಟ್ಟುಕೊಂಡಿರುತ್ತಿದ್ದರು. ಅಂದೂ ಹಾಗೆಯೇ. ಮೇಷ್ಟ್ರು ಫೋನಿನಲ್ಲಿ ಆ ಸಾಲು ಓದುತ್ತಿದ್ದಾಗ, ಕ್ರೀಡಾಂಗಣದ ಬೀಗ ಹಾಕಿದ್ದ ಗೇಟಿನಲ್ಲಿ, ಹೊರಡುವ ಜನರ ನೂಕುನುಗ್ಗಲಿಗೆ ಸಿಕ್ಕಿ ನಾಲ್ವರು ಯುವಕರು ಸತ್ತರು.

ವಿಚಾರಣೆ ನಡೆಯಿತು. ಕ್ರೀಡಾಂಗಣದಲ್ಲಿ ಏನೂ ಆಗಿಲ್ಲ, ಕುಡಿದವರು ಹೊರಗೆ ಹೊಡೆದಾಡಿಕೊಂಡು ಸತ್ತರು ಎಂದು ಬರೆದು ಅಧಿಕಾರಿಗಳು ಕೈತೊಳೆದುಕೊಂಡರು. ಅವರು ಸಾಕ್ಷಿಗೆ ಇಟ್ಟುಕೊಂಡದ್ದು ಇದೇ ವರದಿ. ಮೇಷ್ಟ್ರು ಮೂರು ಸಲ ತಿದ್ದುಪಡಿ ಬರೆದುಕೊಟ್ಟರು. ಸಂಪಾದಕರು ಮೂರು ಸಲವೂ ಕಸದ ಬುಟ್ಟಿಗೆ ಹಾಕಿದರು. ಆಮೇಲೆ ಮೇಷ್ಟ್ರು ಸುಮ್ಮನಾದರು. ನೌಕರಿಯನ್ನೇನೂ ಬಿಡಲಿಲ್ಲ. ಇನ್ನೂ ಆರು ವರ್ಷ ಎಂಬತ್ತನೇ ನಿಮಿಷಕ್ಕೇ ಎದ್ದರು.

"ಬಾನಾ ಕಬಾಸೊ ವರ್ಷಕ್ಕೊಂದ್ಸಲ ಬಂದು ಕೇಳ್ತಾಳೆ. ಕ್ಲಾಸಲ್ಲಿ ಸತ್ಯ ಸತ್ಯ ಅಂತ ಬಡ್ಕೋತೀನಿ, ಅವಳ ಮುಂದೆ ಬಾಯೇ ಬರಲ್ಲ" ಎಂದರು.

ಸತ್ತವರಲ್ಲಿ ಒಬ್ಬ ಕಬಾಸೊ. ನಮ್ಮಲ್ಲಿ ಹೆಂಗಸನ್ನು ಮಗುವಿನ ಹೆಸರು ಸೇರಿಸಿ ಕರೆಯುತ್ತೇವೆ. ಮಗ ಹೋಗಿ ಇಪ್ಪತ್ತೆಂಟು ವರ್ಷವಾದರೂ ಆಕೆ ಊರಿಗೆಲ್ಲ ಬಾನಾ ಕಬಾಸೊ, ಕಬಾಸೊನ ತಾಯಿ. ಕುಡುಕನೆಂದು ಚರ್ಚಿನವರು ಅವನ ಮಣ್ಣಿಗೂ ಬಂದಿರಲಿಲ್ಲ. ಅವನು ಕುಡಿದಿರಲಿಲ್ಲ, ಗೇಟಿನಲ್ಲಿ ಸಿಕ್ಕಿ ಸತ್ತ ಎಂದು ಎಲ್ಲಾದರೂ ಅಚ್ಚಾಗಬೇಕು, ಆಕೆಗೆ ಬೇಕಿದ್ದದ್ದು ಅಷ್ಟೇ.

"ನಾಳೆ ವೇದಿಕೆ ಮೇಲೆ ನೀವೇ ಹೇಳಿಬಿಡಿ ಸರ್. ಅವರನ್ನೂ ಕರೆಸೋಣ" ಎಂದೆ. ಮತ್ತೆ ಅಚ್ಚು ಹಾಕಿಸುವ ತಾಪತ್ರಯ ತಪ್ಪಲಿ ಎಂಬುದು ನನ್ನ ಒಳಗಿನ ಆಲೋಚನೆ. ಬರೆಯಲು ನಾಚಿಕೆಯಾಗುತ್ತದೆ.

ಮರುದಿನ ಸಭಾಂಗಣ ತುಂಬಿತ್ತು. ಬಾನಾ ಕಬಾಸೊ ಮುಂದಿನ ಸಾಲಿನಲ್ಲಿ ಕೂತಿದ್ದರು. "ಆ ಕೊನೇ ಸಾಲು ಸುಳ್ಳು. ನಾನು ಅಲ್ಲಿ ಇರಲಿಲ್ಲ" ಎಂದ ಮೇಷ್ಟ್ರು ಅಷ್ಟಕ್ಕೇ ಮೈಕಿನಿಂದ ಹಿಂದೆ ಸರಿದರು. ಕಬಾಸೊನ ಹೆಸರು ಹೊರಡಲಿಲ್ಲ. ವಿಭಾಗದ ಮುಖ್ಯಸ್ಥರು ಎದ್ದು ಬಂದು ಮೈಕು ಹಿಡಿದರು.

"ನೋಡಿದ್ರಾ ಮಕ್ಕಳೇ, ದೊಡ್ಡೋರು ಅಂದ್ರೆ ಹೀಗಿರ್ಬೇಕು! ಇಂಥಾ ವರದಿ ಬರೆದೂ ತಪ್ಪು ಅಂತಾರೆ. ಏನು ವಿನಯ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದು ನಿಲ್ಲುವ ಹೊತ್ತಿಗೆ ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಅವರ ಮೇಲೆ ನನಗೆ ಕೋಪ ಬಂತು. ನಾನಾದರೂ ಎದ್ದು ಹೇಳಬಹುದಿತ್ತು, ಹೇಳಲಿಲ್ಲ.

ಎಲ್ಲರಿಗೂ ಕೊಟ್ಟಂತೆ ಬಾನಾ ಕಬಾಸೊ ಅವರಿಗೂ ಒಂದು ಪುಸ್ತಕ ಕೊಟ್ಟಿದ್ದರು. ಸಭೆ ಮುಗಿದ ಮೇಲೆ ಆಕೆ ಅದನ್ನು ಹಿಡಿದುಕೊಂಡು ನಮ್ಮಿಬ್ಬರ ಬಳಿ ಬಂದರು.

"ಮಗಾ, ನಂಗೆ ಓದಕ್ಕೆ ಬರಲ್ಲ. ಕಬಾಸೊ ಹೆಸರು ಎಲ್ಲಿದೆ, ತೋರ್ಸು."

ನಾನು ಮೇಷ್ಟ್ರ ಮುಖ ನೋಡಿದೆ.

"ಇಲ್ಲಮ್ಮ" ಎಂದರು ಅವರು.

"ಹಂಗಾದ್ರೆ ಅವನು ಇನ್ನೂ ಕುಡ್ದೇ ಸತ್ತಿದಾನೆ" ಎಂದು ಆಕೆ ಪುಸ್ತಕವನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು.