ತಲೆಯಾಡಿಸುವ ಕೆಲಸ

ಆ ವರ್ಷ ನನಗೆ ಸಿಕ್ಕ ಕೆಲಸವನ್ನು ಯಾವ ಅರ್ಜಿಯಲ್ಲೂ ಬರೆಯಲಾಗುವುದಿಲ್ಲ. ಸಭೆಯ ನಡುವೆ ಕೂಡಬೇಕು, ಏನೂ ಗೊತ್ತಿಲ್ಲದವನಂತೆ ಎದ್ದು ಮೂರು ಪ್ರಶ್ನೆ ಕೇಳಬೇಕು, ಉತ್ತರ ಬಂದ ಮೇಲೆ ಎಲ್ಲವೂ ಗೊತ್ತಾದವನಂತೆ ತಲೆಯಾಡಿಸಬೇಕು. ಭಾನುವಾರ ಮಾತ್ರ. ಕೂಲಿಯೆಂದರೆ ಬಸ್ ಚಾರ್ಜು ಮತ್ತು ಮಧ್ಯಾಹ್ನದ ಪಲಾವು. ಏನೂ ಗೊತ್ತಿಲ್ಲದವನ ಪಾತ್ರ ನನಗೆ ಕಷ್ಟವಾಗಲಿಲ್ಲ. ಗೊತ್ತಾದವನ ಪಾತ್ರಕ್ಕೆ ಮಾತ್ರ ಸ್ವಲ್ಪ ನಟನೆ ಬೇಕಾಗುತ್ತಿತ್ತು.

ಉಳಿದ ದಿನಗಳಲ್ಲಿ ಶಹಾಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೂತು ಜನರ ಆನ್‌ಲೈನ್ ಅರ್ಜಿ ತುಂಬುತ್ತಿದ್ದೆ. ಸರ್ವರ್ ಕೈಕೊಟ್ಟಾಗ ಕಾಯುವವರಿಗೆ ಊರ ಮಂದಿಯ ದನಿ ಮಾಡಿ ತೋರಿಸುತ್ತಿದ್ದೆ: ಬ್ಯಾಂಕಿನ ಕ್ಯಾಷಿಯರ್ ಊಟಕ್ಕೆ ಏಳುವ ಮುಂಚೆ ಕೆಮ್ಮುವ ಕೆಮ್ಮು, ಕಚೇರಿಯ ಗುಮಾಸ್ತರ 'ನಾಳಿ ಬರ್ರಿ', ಹೊಸದಾಗಿ ನೌಕರಿಗೆ ಸೇರಿದ ಮೇಷ್ಟ್ರು ಫೋನಿನಲ್ಲಿ ಮಾವನ ಮನೆಯವರ ಜೊತೆ ಆಡುವ ಬಿಗಿ ಮಾತು. ಹೀಗೊಂದು ದಿನ ಕರಪತ್ರ ಮಾಡಿಸಲು ಬಂದವರು ಮ್ಯೂಚುವಲ್ ಫಂಡ್ ಮಾರುವ ಸಾಹೇಬರು. ಕಲಬುರಗಿ ಕಡೆಯವರು, ಶಹಾಪುರದ ಮುಖ್ಯ ರಸ್ತೆಯಲ್ಲಿ ಮೊದಲ ಮಹಡಿಯ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದರು. ದೀಪಾವಳಿ ಕಳೆದರೂ ಇಳಿಯದ ಬಿಸಿಲಿನಲ್ಲಿ ಕೋಟು ಹಾಕಿದ್ದರು. ನಮ್ಮ ಬಿಸಿಲಿನಲ್ಲಿ ಕೋಟು ಹಾಕುವವನಿಗೆ ಅಪಾಯದ ಬಗ್ಗೆ ಮಾತಾಡುವ ಹಕ್ಕಿದೆ ಎಂದು ನನಗನಿಸಿತು.

"ಹೊಲ ಮಾಡೋ ಒಕ್ಕಲಿಗ್ಯಾನ ಹಂಗ ಮಾತಾಡಾಕ ಬರ್ತದೇನು?" ಎಂದು ಕೇಳಿದರು.

"ಯಾವ ಊರಿನ ಒಕ್ಕಲಿಗ್ಯಾ ಬೇಕ್ರಿ? ಕೆಂಭಾವಿದೋ ಸೈದಾಪುರದ್ದೋ?" ಎಂದೆ. ಅಲ್ಲಿಗೆ ನನ್ನ ನೇಮಕಾತಿ ಮುಗಿಯಿತು.

ಮೊದಲ ಸಭೆ ಯಾದಗಿರಿಯಲ್ಲಿ, ಸ್ಟೇಷನ್ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಹಾಲ್‌ನಲ್ಲಿ. 'ಶೇರು, ಮ್ಯೂಚುವಲ್ ಫಂಡು: ಹೊಸಬರ ಪ್ರಶ್ನೆಗಳಿಗೆ ಉತ್ತರ' ಎಂಬ ಬ್ಯಾನರ್ ಕಟ್ಟಿದ್ದರು. ಹೊಸಬರ ಪ್ರಶ್ನೆಗಳನ್ನು ಹಳಬರೇ ಬರೆದು ನನ್ನ ಕೈಗೆ ಕೊಟ್ಟಿದ್ದರು. ಒಂದು: ಶೇರು ಅಂದ್ರ ಜೂಜಲ್ಲೇನ್ರಿ? ಎರಡು: ತಿಂಗಳಿಗೆ ಐದುನೂರು ಇದ್ದರೂ ನಡೀತದೇನ್ರಿ? ಮೂರು: ನಷ್ಟ ಆಗಂಗಿಲ್ಲೇನ್ರಿ? ಮೂರನೆಯದಕ್ಕೆ ಸಾಹೇಬರು ಒಂದು ಗೆರೆಯ ಚಿತ್ರ ತೋರಿಸುತ್ತಿದ್ದರು. ಗೆರೆ ಎಡಗಡೆ ನೆಲದಿಂದ ಹೊರಟು ಬಲಗಡೆ ಆಕಾಶಕ್ಕೆ ಹೋಗುತ್ತಿತ್ತು. ನಡುವಿನ ಕುಣಿ-ದಿನ್ನೆಗಳ ಮೇಲೆ ಅವರ ಕೈ ನಿಲ್ಲುತ್ತಿರಲಿಲ್ಲ. "ದೀರ್ಘಾವಧಿ ಬಂಧುಗಳೇ, ದೀರ್ಘಾವಧಿ" ಎನ್ನುತ್ತಿದ್ದರು. ಆಮೇಲೆ ಮಾರುಕಟ್ಟೆಯ ಅಪಾಯದ ಕುರಿತ ಆ ಕಡ್ಡಾಯದ ಸಾಲನ್ನು, ಯಾದಗಿರಿಯಲ್ಲಿ ನಿಲ್ಲದ ರೈಲಿನಂತೆ, ಒಂದೇ ಉಸಿರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಆಗ ನಾನು ತಲೆಯಾಡಿಸಬೇಕು. ತಲೆ ನಿಧಾನವಾಗಿ, ಎರಡು ಸಲ. ಮೂರು ಸಲ ಆಡಿಸಿದರೆ ಬಾಡಿಗೆಯವನೆಂದು ಗೊತ್ತಾಗುತ್ತದಂತೆ.

ನನ್ನ ಪ್ರಶ್ನೆ ಮುಗಿದ ಮೇಲೆ ಜನ ತಮ್ಮವನ್ನು ಕೇಳುತ್ತಿದ್ದರು. ಅದನ್ನು ಕೇಳುವುದು ನನಗೆ ಪಲಾವಿಗಿಂತ ರುಚಿ. ನಿವೃತ್ತ ಮೇಷ್ಟ್ರೊಬ್ಬರು ಎದ್ದು ಪೆನ್ನಿನ ಟೋಪಿ ತೆಗೆದು, "ನಾಮಿನಿ ಹೆಂಡ್ತೀನೇ ಆಗಬೇಕೇನ್ರಿ, ಬ್ಯಾರೆಯವರು ನಡೀತಾರೇನ್ರಿ?" ಎಂದರು. ಅವರ ಪಕ್ಕದಲ್ಲೇ ಹೆಂಡತಿ ಕೂತಿದ್ದಳು. ಕೆಳಗಿನ ಅಂಗಡಿಯ ಗೊಬ್ಬರದ ವ್ಯಾಪಾರಿ, ಇದೂ ಭಿಶಿಯ ಹಂಗ ಅಲ್ಲೇನು, ತನ್ನ ನಂಬರ್ ಯಾವ ತಿಂಗಳು ಬರ್ತದ ಎಂದು ಕೇಳಿದ. ತಿಂಗಳಿಗೊಮ್ಮೆ ಹತ್ತಾರು ಜನ ರೊಕ್ಕ ಕೂಡಿಸಿ ಪಾಳಿ ಪ್ರಕಾರ ಒಬ್ಬರಿಗೆ ಕೊಡುವ ಭಿಶಿಯ ಹೊರತು ಬೇರೆ ಕೂಡಿಕೆಯನ್ನು ಅವನು ಕಂಡವನಲ್ಲ. ಇನ್ನೊಬ್ಬ, ಹತ್ತು ರೂಪಾಯಿಯ ಯೂನಿಟ್ಟು ನೂರು ರೂಪಾಯಿಯದಕ್ಕಿಂತ ಸೋವಿ ಬಿತ್ತಲ್ಲ, ಅದನ್ನೇ ಚೀಲ ತುಂಬ ಕೊಡ್ರಿ ಎಂದ. ಉಳ್ಳಾಗಡ್ಡಿ ಕೊಳ್ಳುವವನ ದನಿ. ಬೆಲೆ ನೋಡಬೇಡಿ, ಒಳಗೇನಿದೆ ನೋಡಿ ಎಂದು ಸಾಹೇಬರು ತಿಳಿಸಿ ಹೇಳುವಷ್ಟರಲ್ಲಿ ಮಂದಿ ಪಲಾವಿನ ಕಡೆ ಹೊರಟಿದ್ದರು.

ಇವರನ್ನೆಲ್ಲ ನಾನು ಸೋಮವಾರ ಅಂಗಡಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಏಳು ರೂಪಾಯಿಗೆ ಸಿಕ್ಕಿತೆಂದು ನಾನೂ ಮೊಬೈಲಿನಲ್ಲಿ ಒಂದು ಕಂಪನಿಯ ಇನ್ನೂರು ಶೇರು ಕೊಂಡಿದ್ದೆ. ಕೊಂಡಾಗ ಏಳು, ಆ ಹೊತ್ತಿಗೆ ನಾಲ್ಕು. ಆ ಕಂಪನಿ ಸಿಮೆಂಟು ಮಾಡುತ್ತದೋ ಸಿನಿಮಾ ಮಾಡುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ಚೀಲ ತುಂಬ ಕೊಡಿ ಎಂದವನನ್ನು ಅಷ್ಟು ಚೆನ್ನಾಗಿ ಅನುಕರಿಸಲು ನನಗೆ ಆದದ್ದು ಆ ಕಾರಣಕ್ಕೇ ಇರಬೇಕು.

ಆಮೇಲಿನ ಭಾನುವಾರ ಸುರಪುರ. ಬಸ್‌ಸ್ಟ್ಯಾಂಡ್ ಹಿಂದಿನ ಫಂಕ್ಷನ್ ಹಾಲ್. ಕೆಂಭಾವಿಯ ಒಕ್ಕಲಿಗನಾಗಿ ಟವೆಲ್ ಹೆಗಲಿಗೆ ಹಾಕಿಕೊಂಡು ಮೂರೂ ಪ್ರಶ್ನೆ ಕೇಳಿದೆ, ಎರಡು ಸಲ ತಲೆಯಾಡಿಸಿದೆ. ಆ ದಿನ ಪಲಾವಿನ ಜೊತೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯೂ ಇತ್ತು. ನಾಲ್ಕು ರೊಟ್ಟಿ ತಿಂದೆ. ಅದು ಯಾರ ಕೈಯ ರೊಟ್ಟಿ ಎಂದು, ಚಿಕ್ಕಂದಿನಿಂದ ಅದನ್ನೇ ತಿಂದು ಬೆಳೆದ ನನ್ನ ನಾಲಿಗೆಗೆ ತಿಳಿಯಲಿಲ್ಲ. ಊರ ಮಂದಿಯ ದನಿಯೆಲ್ಲ ಹಿಡಿಯುವ ನಾಲಿಗೆಯ ಯೋಗ್ಯತೆ ಅಷ್ಟು.

ಸಂಜೆ ಸುರಪುರದ ಅತ್ತೆಯ ಫೋನ್ ಬಂತು. ಅತ್ತೆಯೆಂದರೆ ನಮ್ಮಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಒಂದು ಬಾಡಿಗೆ ಖೋಲಿಯಲ್ಲಿ ಖಡಕ್ ರೊಟ್ಟಿ ಮಾಡಿ ಮದುವೆಗಳಿಗೆ, ಖಾನಾವಳಿಗಳಿಗೆ ಕೊಟ್ಟು ಬದುಕುವವಳು.

"ಏನಪಾ ಅಳಿಯಾ, ಮಾತಾಡಸ್ಲಾರ್ದ ಹೋದ್ಯಲ್ಲ. ರೊಟ್ಟಿ ಮುಟ್ಟಿಸಾಕ ಬಂದಾಕಿ ಹಿಂದ ಕುಂತಿದ್ದೆ. ಎಷ್ಟು ಚಂದ ಕೇಳಿದಿ. ನನಗ ಕೇಳೋದs ಉಳೀಲಿಲ್ಲ ನೋಡು. ಫಾರ್ಮಿಗೆ ಸಹಿ ಹಾಕೀನಿ. ನಾಳಿ ಶಹಾಪುರಕ್ಕ ಬಂದು ಚೆಕ್ ಕೊಡ್ತೀನಿ."

"ಯಾವ ರೊಕ್ಕ ಅತ್ತಿ?"

"ಯಾವ ರೊಕ್ಕ ಅಂದ್ರ? ಖೋಲಿದು."

ಆ ಖೋಲಿಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಾಲೀಕ ಅದನ್ನು ಮಾರುವುದಕ್ಕೆ ಇಟ್ಟಿದ್ದ. ಉಗಾದಿಯೊಳಗೆ ಪೂರ್ತಿ ಹಣ ಕೊಟ್ಟರೆ ಅತ್ತೆಗೆ, ಇಲ್ಲದಿದ್ದರೆ ಪಕ್ಕದ ಮೊಬೈಲ್ ಅಂಗಡಿಯವನಿಗೆ. ಹಣ ಅತ್ತೆಯ ಹತ್ತಿರ ಬಹುತೇಕ ಕೂಡಿತ್ತು, ಸ್ವಲ್ಪ ಕಡಿಮೆ. ಆ ಸ್ವಲ್ಪವನ್ನು ಸಾಹೇಬರ ಗೆರೆ ತುಂಬಿ ಕೊಡುತ್ತದೆ ಎಂದು ಅವಳು ನಂಬಿದ್ದಳು.

ಮರುದಿನ ಮೊದಲ ಬಸ್ಸಿಗೇ ಸುರಪುರಕ್ಕೆ ಹೋದೆ. ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ತಡೆಯಲು ದಾರಿಯುದ್ದಕ್ಕೂ ಒಳ್ಳೊಳ್ಳೆ ಮಾತು ಹೊಂದಿಸಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

"ಅತ್ತಿ, ಆ ರೊಕ್ಕ ಹಾಕಬ್ಯಾಡ."

"ಯಾಕ?"

"ಇಳಿದ್ರೂ ಇಳೀಬಹುದು."

ಬಡಿಯುವ ಕೈ ನಿಂತಿತು. "ನಿನ್ನೆ ನೀನs ಕೇಳಿದಿ, ನಷ್ಟ ಆಗಂಗಿಲ್ಲೇನ್ರಿ ಅಂತ. ಅವ್ರು ಹೇಳಿದ್ರು. ನೀ ತಲಿ ಅಲ್ಲಾಡಿಸಿದಿ."

"ತಲಿ ಅಲ್ಲಾಡಿಸೋದಕ್ಕ ರೊಕ್ಕ ಕೊಡ್ತಾರ ಅತ್ತಿ. ರೊಕ್ಕ ಅಂದ್ರ ಬಸ್ ಚಾರ್ಜು."

ಅತ್ತೆಯ ಓಣಿಯ ಹೆಂಗಸರು ನಡೆಸುವ ಭಿಶಿಯಲ್ಲಿ ಒಂದು ಕಟ್ಟಳೆಯಿದೆ. ಹೊಸಬರನ್ನು ಸೇರಿಸಿಕೊಳ್ಳುವಾಗ ಅವರನ್ನು ಬಲ್ಲವರೊಬ್ಬರು ಎಲ್ಲರ ಮುಂದೆ ತಲೆಯಾಡಿಸಬೇಕು. ಕಾಗದ, ಸಹಿ ಏನೂ ಇಲ್ಲ. ಹೊಸಬರು ರೊಕ್ಕ ಎತ್ತಿಕೊಂಡು ಓಡಿಹೋದರೆ ತಲೆಯಾಡಿಸಿದವರು ತುಂಬಬೇಕು. ಹಾಗೆ ತುಂಬಲು ತನ್ನ ಬಂಗಾರದ ಬಳೆ ಕಳೆದುಕೊಂಡವಳೂ ಆ ಓಣಿಯಲ್ಲಿ ಇದ್ದಾಳೆ. ಇನ್ನೂ ಎಲ್ಲರೂ ಅವಳಿಗೆ ಮರ್ಯಾದೆ ಕೊಡುತ್ತಾರೆ. ಸಾವಿರ ಮಾತಾಡುವ ಸಾಹೇಬರನ್ನು ಅತ್ತೆ ನಂಬಿರಲಿಲ್ಲ. ತಲೆಯಾಡಿಸಿದ ಅಳಿಯನನ್ನು ನಂಬಿದ್ದಳು. ಅವಳ ಲೆಕ್ಕದಲ್ಲಿ ಆ ರೊಕ್ಕಕ್ಕೆ ನಾನು ಜಾಮೀನು. ನಾಲ್ಕು ರೂಪಾಯಿಗೆ ಇಳಿದ ಇನ್ನೂರು ಶೇರಿನ ಮಾಲೀಕ.

"ನಡಿ" ಎಂದಳು, ಹಂಚು ಇಳಿಸಿ. "ಚೆಕ್ ತಗೋತೀನಿ. ಅವ್ರ ಮುಂದs ಕೇಳೋಣು."

ಶಹಾಪುರದ ಆ ಮೊದಲ ಮಹಡಿಯಲ್ಲಿ ಸಾಹೇಬರು ಕೋಟನ್ನು ಕುರ್ಚಿಗೆ ಹಾಕಿ ಬನಿಯನ್ ಮೇಲೆ ಗಾಳಿ ಬೀಸಿಕೊಳ್ಳುತ್ತಿದ್ದರು. ನಮ್ಮನ್ನು ಕಂಡು ಮೊದಲು ಅಂಗಿ ಹಾಕಿಕೊಂಡರು, ಅದರ ಮೇಲೆ ಕೋಟು. "ಬರ್ರಿ ಅವ್ವಾರ, ಚೆಕ್ ತಂದಿರೇನ್ರಿ?"

"ತಂದೀನ್ರಿ. ಇವಂದು ಒಂದು ಪ್ರಶ್ನಿ ಉಳದದಂತ" ಎಂದಳು ಅತ್ತೆ. ನನ್ನ ಕಡೆ ತಿರುಗಿ, "ಕೇಳು."

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಬಂದದ್ದು ಕೆಂಭಾವಿಯ ಒಕ್ಕಲಿಗನ ದನಿ.

"ಅದು ಬ್ಯಾಡ. ನಿನ್ನ ದನೀಲೆ ಕೇಳು" ಎಂದಳು.

ನನ್ನ ದನಿ ಯಾವುದೆಂದು ಒಂದು ಗಳಿಗೆ ಹುಡುಕಬೇಕಾಯಿತು. ಸಿಕ್ಕಿದ್ದು ಬಹಳ ತೆಳ್ಳಗಿತ್ತು, ಎಸೆಸೆಲ್ಸಿ ಫಲಿತಾಂಶ ಕೇಳುವ ಹುಡುಗನದು. "ಇವರಿಗೆ ರೊಕ್ಕ ಉಗಾದಿಗೆ ವಾಪಸ್ ಬೇಕ್ರಿ. ಪೂರಾ ಬೇಕು, ಕಡಿಮಿ ಆಗಬಾರದು. ಹಾಕಬಹುದೇನ್ರಿ?"

ಸಾಹೇಬರು ಕರೆಂಟಿಲ್ಲದೆ ನಿಂತಿದ್ದ ಫ್ಯಾನಿನ ಕಡೆ ನೋಡಿದರು. ಸುಳ್ಳು ಹೇಳುತ್ತಾರೆಂದು ನಾನು ಕಾದೆ. ಅದನ್ನು ಸಂಜೆ ಮಾಡಿ ತೋರಿಸಲೂ ಮನಸ್ಸು ಸಿದ್ಧವಾಗಿತ್ತು. "ಇಲ್ರಿ" ಎಂದರು. "ಉಗಾದಿಗೆ ಬೇಕಾದ ರೊಕ್ಕ ಇದರಾಗ ಹಾಕಬಾರ್ದು. ಐದು, ಏಳು ವರ್ಷ ಮುಟ್ಟಂಗಿಲ್ಲ ಅನ್ನೋ ರೊಕ್ಕಕ್ಕ ಮಾತ್ರ ಇದು. ನಿಮ್ಮದು ಬ್ಯಾಂಕಿನಾಗ ಎಫ್‌ಡಿ ಇಡ್ರಿ, ನಾಕು ತಿಂಗಳದ್ದು."

"ನಿನ್ನೆ ಯಾಕ ಹೇಳಲಿಲ್ರಿ?" ಎಂದಳು ಅತ್ತೆ.

"ನಿನ್ನೆ ಯಾರು ಕೇಳಿದ್ರಿ?"

ಅತ್ತೆ ನನ್ನ ಕಡೆ ನೋಡಿದಳು. ನಾನು ಬ್ಯಾನರಿನ ಕಡೆ ನೋಡಿದೆ. ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದರು. 'ಹೊಸಬರ' ಎಂಬಷ್ಟೇ ಕಾಣುತ್ತಿತ್ತು.

ಅವಳು ತನ್ನ ಫಾರ್ಮು ಕೇಳಿ ತೆಗೆದುಕೊಂಡು ನನ್ನ ಕೈಯಲ್ಲಿ ಓದಿಸಿದಳು. ಒಂದು ಕಡೆ, ಹೆಚ್ಚಿನ ಅಪಾಯ ತಡೆದುಕೊಳ್ಳಬಲ್ಲರು ಎಂಬುದರ ಮುಂದೆ ಯಾರೋ ಟಿಕ್ ಹಾಕಿದ್ದರು.

"ಇದನ್ನ ಯಾರು ಹೇಳಿದ್ರು ಇವ್ರಿಗೆ?" ಎಂದಳು. ಆಮೇಲೆ ತಾನೇ, "ನಿಮ್ಮ ಮಾವನ ಇಪ್ಪತ್ತು ವರ್ಷ ತಡಕೊಂಡೀನಲ್ಲ, ಯಾರರ ಹೇಳಿರಬೇಕು."

ಸಾಹೇಬರು ನಕ್ಕರು. ನಗಬಾರದಿತ್ತು, ಅವಳ ಮುಂದಿನ ಪ್ರಶ್ನೆ ಅವರಿಗೇ ಬಂತು. "ನಾ ರೊಕ್ಕ ಹಾಕಿದ್ರ ನಿಮಗೇನು ಸಿಗ್ತದ ಸಾಹೇಬ್ರ?"

"ಕಮಿಷನ್ ಸಿಗ್ತದ್ರಿ. ವರ್ಷಾ ವರ್ಷಾ ಒಂದಿಷ್ಟು, ನೀವು ತೆಗಿಯೋತನಕ."

"ಯಾರ ರೊಕ್ಕದಾಗಿಂದ?"

"ನಿಮ್ಮದರಾಗಿಂದನ ಅನ್ರಿ."

"ನಿಮ್ಮನ್ನ ಕೇಳಲಾರ್ದ ನಾನs ಸೀದಾ ಹಾಕಿದ್ರ?"

"ಹಾಕಬಹುದ್ರಿ. ಆಗ ಆ ಕಮಿಷನ್ ಇರಂಗಿಲ್ಲ" ಎಂದರು, ಕೋಟಿನ ಗುಂಡಿ ಬಿಚ್ಚುತ್ತಾ. ಎರಡು ಊರಿನ ಸಭೆಗಳಲ್ಲಿ, ಪೆನ್ನಿನ ಟೋಪಿ ತೆಗೆದ ಮೇಷ್ಟ್ರಾಗಲಿ, ವ್ಯಾಪಾರಿಯಾಗಲಿ, ಹಣ ಪಡೆದು ಕೇಳುವ ನಾನಾಗಲಿ ಕೇಳದ ನಾಲ್ಕು ಮಾತನ್ನು ರೊಟ್ಟಿ ಬಡಿಯುವವಳು ಹತ್ತು ನಿಮಿಷದಲ್ಲಿ ಕೇಳಿ ಮುಗಿಸಿದ್ದಳು. ಅವಳನ್ನು ಅನುಕರಿಸಲು ನಾನು ಆಮೇಲೆ ಹಲವು ಸಲ ಪ್ರಯತ್ನಿಸಿದ್ದೇನೆ. ದನಿ ಬರುತ್ತದೆ, ಪ್ರಶ್ನೆ ಬರುವುದಿಲ್ಲ.

ಚೆಕ್ ಮಡಚಿ ಚೀಲದಲ್ಲಿಟ್ಟು ಎದ್ದಳು. ಬಾಗಿಲಲ್ಲಿ ಸಾಹೇಬರು ನನ್ನನ್ನು ಮಾತ್ರ ತಡೆದು, "ಬರೋ ಐತವಾರ ನೀ ಬರಬ್ಯಾಡ ಬಿಡು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾದ ಪ್ರಶ್ನೆ ಕೇಳುವವರನ್ನು ಸಭೆಗೆ ಕರೆಯಬಾರದು ಎಂಬುದಷ್ಟೇ ಅವರ ಧಂದೆಯ ತಿಳಿವಳಿಕೆ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಕೇಳಿದಳು. "ಊಟ ಏನಿತ್ತು, ಬಸ್ ಚಾರ್ಜಿನ ಜೊತಿ?"

"ಪಲಾವು."

"ಪಲಾವಿಗೆ?" ಎಂದಳಷ್ಟೇ. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತಳು. ನನ್ನ ಕಡೆ ನೋಡಲಿಲ್ಲ.

ಕಡಿಮೆ ಬಿದ್ದ ಸ್ವಲ್ಪವನ್ನು ಅವಳು ಭಿಶಿಯಿಂದ ಎತ್ತಿದಳು. ಪಾಳಿ ಅವಳದಿರಲಿಲ್ಲ, ಬಳೆ ಕಳೆದುಕೊಂಡ ಹೆಂಗಸು ತನ್ನ ಪಾಳಿ ಬಿಟ್ಟುಕೊಟ್ಟಳಂತೆ. ಉಗಾದಿಗೆ ಎರಡು ದಿನ ಮುಂಚೆ ಖೋಲಿ ಅತ್ತೆಯ ಹೆಸರಿಗೆ ನೋಂದಣಿಯಾಯಿತು. ಅರ್ಜಿ ನಾನೇ ತುಂಬಿದೆ, ಪುಕ್ಕಟೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬುದ್ಧಿವಂತನಾಗಿ ಉಳಿಯುತ್ತಿದ್ದೆ. ಉಗಾದಿಯ ದಿನ ಅತ್ತೆ, ಈಗ ತನ್ನದಾದ ಖೋಲಿಗೆ ಊಟಕ್ಕೆ ಕರೆದಿದ್ದಳು. ಕೂತವನೇ, ಸುಮ್ಮನಿರಲಾರದೆ, ಸಾಹೇಬರ ಆ ಫಂಡಿನ ಬೆಲೆಯನ್ನು ಮೊಬೈಲಿನಲ್ಲಿ ನೋಡಿದೆ. ಅದು ಈ ನಾಲ್ಕು ತಿಂಗಳಲ್ಲಿ ಏರಿತ್ತು. ಬಹಳವಲ್ಲ, ಒಂದು ಮಿಕ್ಸಿ ಬರುವಷ್ಟು. ನನ್ನ ಶೇರು ಮೂರೂವರೆಗೆ ಬಂದು ನಿಂತಿತ್ತು. ಮುಖ ನೋಡಿಯೇ ಅತ್ತೆಗೆ ಗೊತ್ತಾಯಿತು.

"ಏರ್ಯಾದೇನು?"

"ಹೂಂ."

"ಅಂದ್ರ ಹಾಕಿದ್ರ ಬರ್ತಿತ್ತು."

"ಇಳಿದಿದ್ರ ಖೋಲಿ ಹೋಗ್ತಿತ್ತು ಅತ್ತಿ."

"ಅದು ಖರೆ" ಎಂದಳು. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರು ಹೋಳಿಗೆಗೆ ಬಂದರು. ಅವರೆಲ್ಲರ ಮುಂದೆ ನನ್ನನ್ನು ತೋರಿಸಿ, "ಇವನs ನೋಡ್ರವಾ, ನನಗ ಮಿಕ್ಸಿ ತಪ್ಪಿಸಿದಾಂವ. ಹೌದಿಲ್ಲೋ?" ಎಂದಳು.

ಬಂಗಾರದ ಬಳೆ ಕಳೆದುಕೊಂಡ ಆ ಹೆಂಗಸೂ ಅವರಲ್ಲಿದ್ದಳು, ನನ್ನನ್ನೇ ನೋಡುತ್ತಿದ್ದಳು. ನಾನು ತಲೆಯಾಡಿಸಿದೆ. ಈ ಸಲ ಊಟ ಇತ್ತು, ಬಸ್ ಚಾರ್ಜು ಇರಲಿಲ್ಲ.