ಖಾಡಿಯ ಉಘಡಿಗೆ ಎರಡು ಕೈ

ಕೋವಿಡ್ ಮುಗಿದ ಮೇಲಿನ ಎರಡನೆಯ ಮಳೆಗಾಲ. ನಾನಾಗ ನವಿ ಮುಂಬಯಿಯ ಒಂದು ಸಲಹಾ ಸಂಸ್ಥೆಯಲ್ಲಿ ಹಿರಿಯ ಜಲತಜ್ಞೆಯಾಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿ, ಕೆರೆ ಕಾಲುವೆಗಳ ಲೆಕ್ಕ ಕಲಿತು, ಡೊಂಬಿವಲಿಯಲ್ಲಿ ಸಂಸಾರ ಹೂಡಿದ ನನಗೆ ಉಪ್ಪುನೀರಿನ ಸ್ವಭಾವ ಕೊನೆಯವರೆಗೂ ಪೂರ್ತಿ ಒಗ್ಗಲಿಲ್ಲ. ಕೆರೆಯ ನೀರು ನಿಲ್ಲಿಸಿದ ಕಡೆ ನಿಲ್ಲುತ್ತದೆ. ಖಾಡಿಯ ನೀರು ಹಾಗಲ್ಲ, ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಖಾಡಿ ಎಂದರೆ ಸಮುದ್ರ ನೆಲದೊಳಕ್ಕೆ ಚಾಚಿದ ತೋಳು, ಇಂಗ್ಲಿಷಿನಲ್ಲಿ ಕ್ರೀಕ್. ಠಾಣೆಯಿಂದ ವಾಶಿಯವರೆಗಿನ ಎಷ್ಟೋ ಬಡಾವಣೆಗಳು ಅದರ ದಂಡೆಯಲ್ಲಿವೆ, ಕೆಲವಂತೂ ಭರತದ, ಅಂದರೆ ಉಬ್ಬರದ, ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿವೆ.

ಈ ತಗ್ಗು ನೆಲವೆಲ್ಲ ಹಿಂದೆ ಆಗ್ರಿ ಜನರ ಭತ್ತದ ಗದ್ದೆ. ಉಪ್ಪುನೀರು ನುಗ್ಗದಂತೆ ಅವರು ಖಾಡಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿ, ಒಳಗಿನ ಮಳೆನೀರು ಹೊರಹೋಗಲು ಒಡ್ಡಿನ ಬುಡದಲ್ಲಿ ಒಂದು ತೂಬಿನ ಬಾಗಿಲು ಇಡುತ್ತಿದ್ದರು. ಅದಕ್ಕೆ ಉಘಡಿ ಎಂದು ಹೆಸರು. ಗದ್ದೆ ಹೋಗಿ ಕಟ್ಟಡಗಳು ಬಂದ ಮೇಲೆ ಅದೇ ಜಾಗದಲ್ಲಿ ಹೋಲ್ಡಿಂಗ್ ಪಾಂಡ್ ಬಂತು. ಖಾಡಿ ಏರಿದಾಗ ಮಳೆನೀರನ್ನು ಒಳಗೆ ಹಿಡಿದಿಟ್ಟು, ಖಾಡಿ ಇಳಿದಾಗ ಹೊರಗೆ ಬಿಡುವ ಕೊಳ ಅದು. ಬಿಡುವುದಕ್ಕೆ ಫ್ಲಾಪ್ ಗೇಟುಗಳಿರುತ್ತವೆ; ಒಳಗಿನ ನೀರು ಒತ್ತಿದರೆ ತಾವಾಗಿ ತೆರೆದುಕೊಳ್ಳುತ್ತವೆ, ಹೊರಗಿನದು ಒತ್ತಿದರೆ ಮುಚ್ಚಿಕೊಳ್ಳುತ್ತವೆ. ನಾನು ಹೇಳುತ್ತಿರುವ ಕೊಳ ವಾಶಿಗೂ ಐರೋಲಿಗೂ ನಡುವೆ ಎಲ್ಲೋ ಇದೆ, ಹೆಸರು ಬೇಡ. ಅಲ್ಲಿ ಹೊಸ ಗೇಟುಗಳ ಪಕ್ಕದಲ್ಲೇ ಹಳೆಯ ಉಘಡಿಯನ್ನೂ ಉಳಿಸಿಕೊಂಡಿದ್ದರು. ಮರದ ಬಾಗಿಲಿಗೆ ಕಬ್ಬಿಣದ ತಗಡು ಹೊದಿಸಿ, ಎತ್ತಲು ಒಂದು ತಿರುಗು ಚಕ್ರ ಕೂಡಿಸಿದ್ದರು.

ನಮಗೆ ಸಿಕ್ಕಿದ್ದ ಕೆಲಸ, ಆ ಕೊಳದ ಪ್ರವಾಹ ಮುನ್ಸೂಚನೆಗೆ ಒಂದು ಕಂಪ್ಯೂಟರ್ ಮಾಡೆಲ್ ಕಟ್ಟುವುದು. ಸ್ಥಳೀಯರ ಪಾರಂಪರಿಕ ಜ್ಞಾನವನ್ನೂ ಅದರಲ್ಲಿ ಸೇರಿಸಬೇಕೆಂದು ಕರಾರಿನಲ್ಲೇ ಬರೆದಿತ್ತು. ಇಂಥ ಮಾತು ಕರಾರಿಗೆ ಬಂದರೆ ಏನಾಗುತ್ತದೆಂದು ಗೊತ್ತಲ್ಲ. ಏಸಿ ಸಭಾಂಗಣ, ಬ್ಯಾನರು, ಸಮೋಸಾ, ಎಲ್ಲರೂ ಸಾಲಾಗಿ ನಿಂತು ಒಂದು ಫೋಟೋ. ನಮ್ಮಲ್ಲೂ ಅದೆಲ್ಲ ಆಯಿತು. ಅಂದು ಬಂದವರಲ್ಲಿ ದಾಮೋದರ ನಾಖವಾ ಎಂಬ, ಕೋಳಿ ಸಮುದಾಯದ ಮೀನುಗಾರರಿದ್ದರು. ನಾಖವಾ ಎಂದರೆ ದೋಣಿಯ ಯಜಮಾನ. ಖಾಡಿ ದಂಡೆಯ ಕೋಳಿವಾಡದಲ್ಲಿ ಅವರ ಮಾತಿಗೆ ತೂಕವಿತ್ತು, ಆ ತೂಕದ ಅರಿವು ಅವರಿಗೂ ಚೆನ್ನಾಗಿತ್ತು. ಎರಡು ಸಮೋಸಾ ತಿಂದು, ಮೈಕು ಕೊಟ್ಟಾಗ, "ನೀರಿನ ಮಾತು ನೀರಿನ ಹತ್ತಿರ ಆಡೋಣ" ಎಂದು ಮರಾಠಿಯಲ್ಲಿ ಹೇಳಿ ಕೂತುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು, ಒಳಗೊಳಗೇ ಮನುಷ್ಯ ಹಿಡಿಸಿದರು ಕೂಡ.

ಅದಾಗಿ ಕೆಲವು ವಾರಗಳಿಗೆ ಅಮಾವಾಸ್ಯೆಯ ದೊಡ್ಡ ಭರತ ಮತ್ತು ಭಾರಿ ಮಳೆ ಒಂದೇ ದಿನ ಬಂದವು. ನಾವು ಕೊಳದ ಒಳಗೊಂದು, ಹೊರಗೆ ಖಾಡಿಯಲ್ಲೊಂದು ಸೆನ್ಸರ್ ನಿಲ್ಲಿಸಿದ್ದೆವು. ನೀರಿನ ಮಟ್ಟ ಅಳೆದು ಗೇಟಿನ ಕೋಣೆಯ ಪರದೆಗೆ ಕಳಿಸುವ ಸಾಧನ. ಇಂಥ ದಿನದ ಅಳತೆಗೆಂದೇ ಹಟ ಹಿಡಿದು ಬೆಳಿಗ್ಗೆ ಅಲ್ಲಿಗೆ ಹೋದೆ. ಒಡ್ಡಿಗೆ ಕಟ್ಟಿದ್ದ ತಮ್ಮ ದೋಣಿ ನೋಡಲು ನಾಖವಾ ಬಂದಿದ್ದರು. ಕೋಣೆಯಲ್ಲಿ ಡ್ಯೂಟಿಯಲ್ಲಿದ್ದವರು ಸದಾಶಿವ ಶೆಟ್ಟಿಗಾರ್. ಮೂಲ್ಕಿ ಕಡೆಯವರು, ಹುಡುಗನಾಗಿದ್ದಾಗ ಕಲ್ಯಾಣ್‌ನ ಹೋಟೆಲಿಗೆ ಬಂದು, ಆಮೇಲೆ ಗುತ್ತಿಗೆದಾರರ ಕೈಕೆಳಗೆ ಪಂಪ್ ಆಪರೇಟರ್ ಆದವರು. ಕೊಳದ ಹಿಂದಿನ ಬಸ್ತಿಯಲ್ಲಿ, ಅಂದರೆ ತಗಡು ಮಾಡಿನ ಬಡವರ ಕೇರಿಯಲ್ಲಿ, ನೆಲಮಟ್ಟದ ಒಂದು ಬಾಡಿಗೆ ಖೋಲಿಯಲ್ಲಿ ಹೆಂಡತಿ ಮತ್ತು ಮುದಿ ತಾಯಿಯ ಜೊತೆ ಇದ್ದರು.

ಮಧ್ಯಾಹ್ನದ ಹೊತ್ತಿಗೆ ನಾವು ಮೂವರೂ ಸಿಕ್ಕಿಬಿದ್ದಿದ್ದೆವು. ಒಡ್ಡಿನಿಂದ ರಸ್ತೆಗೆ ಹೋಗುವ ದಾರಿ ಕೊಳದ ನೀರಿನಲ್ಲಿ ಮುಳುಗಿತು, ಖಾಡಿಯ ಬದಿಗೆ ಕಟ್ಟಿದ್ದ ದೋಣಿಯನ್ನು ಆ ಸೆಳೆತದಲ್ಲಿ ಬಿಚ್ಚುವಂತಿರಲಿಲ್ಲ. ಹಿಂದೆ ಖಾಡಿ, ಮುಂದೆ ಕೊಳ, ಮಧ್ಯೆ ನಾಲ್ಕು ಜನ ನಿಂತರೆ ಭುಜಕ್ಕೆ ಭುಜ ತಾಗುವ ಒಂದು ಸಿಮೆಂಟ್ ಕೋಣೆ. ಕಿಟಕಿ ತೆರೆದರೆ ಮಳೆ ಒಳಗೆ, ಮುಚ್ಚಿದರೆ ಡೀಸೆಲ್ ವಾಸನೆಗೆ ಉಸಿರು ಕಟ್ಟುತ್ತಿತ್ತು. ಫ್ಲಾಪ್ ಗೇಟುಗಳು ಹೂಳು ಮತ್ತು ಪ್ಲಾಸ್ಟಿಕ್ ಕಚ್ಚಿಕೊಂಡು ಅಲುಗಾಡುತ್ತಿರಲಿಲ್ಲ. ಪಂಪುಗಳಿಗೆ ಕರೆಂಟ್ ಇರಲಿಲ್ಲ, ಡೀಸೆಲ್ ಎಂಜಿನ್ನಿನೊಳಗೆ ನೀರು ಹೋಗಿತ್ತು. ತೇಲಿಬಂದ ಒಂದು ಮರ ನಮ್ಮ ಹೊರಗಿನ ಸೆನ್ಸರನ್ನೂ ಅದರ ಪಕ್ಕದ ಅಳತೆಗಂಬವನ್ನೂ ಕಿತ್ತುಕೊಂಡು ಹೋಯಿತು. ಒಳಗಿನ ಸೆನ್ಸರ್ ಮತ್ತು ಪರದೆ ಮಾತ್ರ ಬ್ಯಾಟರಿಯ ಮೇಲೆ ಬದುಕಿದ್ದವು, ನೀರಿನ ಮಟ್ಟದ ಗೆರೆ ಒಂದೇ ಸಮನೆ ಮೇಲೇರುತ್ತಿತ್ತು.

ಆಗ ಶೆಟ್ಟಿಗಾರರಿಗೆ ಹೆಂಡತಿಯ ಫೋನ್ ಬಂತು. ಮಾತು ಮುಗಿಯುವ ಮೊದಲೇ ನೆಟ್‌ವರ್ಕ್ ಹೋಯಿತು.

"ಅವಳು ಕಲ್ಯಾಣ್ ಸ್ಟೇಷನ್ನಲ್ಲಿ ಅಟಕಿದ್ದಾಳೆ ಮೇಡಂ, ಗಾಡಿ ಎಲ್ಲ ಬಂದ್ ಅಂತೆ. ಖೋಲಿಯಲ್ಲಿ ಅಮ್ಮ ಒಬ್ಬರೇ ಇರುದು. ಹೊಸ್ತಿಲು ದಾಟಿ ನೀರು ಬಂತು ಅಂತ ಪಕ್ಕದವರು ಫೋನ್ ಮಾಡಿದ್ರಂತೆ. ಅಮ್ಮನಿಗೆ ಎದ್ದು ಕೂರ್ಲಿಕ್ಕೂ ಆಗುದಿಲ್ಲ."

ಹೇಳುತ್ತಲೇ ಚಪ್ಪಲಿ ಬಿಚ್ಚಿ ಮುಳುಗಿದ ದಾರಿಗೆ ಇಳಿದುಬಿಟ್ಟರು. ಸೊಂಟದವರೆಗೆ ಬರುವಷ್ಟರಲ್ಲಿ ಸೆಳೆತಕ್ಕೆ ಕಾಲು ಜಾರಿತು. ನಾಖವಾ ದೋಣಿಯ ಹಗ್ಗ ಎಸೆದು ಅವರನ್ನು ಎಳೆದು ತಂದು ಕೋಣೆಯೊಳಗೆ ಕೂರಿಸಿದರು. ನನಗೆ ಬಹಳ ಹೆದರಿಕೆಯಾಗಿತ್ತು.

ಉಳಿದಿದ್ದು ಹಳೆಯ ಉಘಡಿ ಒಂದೇ. ಅದರ ತಿರುಪು ಸವೆದು ಹೋಗಿತ್ತು, ಒಮ್ಮೆ ಎತ್ತಿದರೆ ನೀರಿನ ರಭಸ ತಗ್ಗುವವರೆಗೆ ಮತ್ತೆ ಇಳಿಸಲಾಗುತ್ತಿರಲಿಲ್ಲ. ಹೊರಗಿನ ಒತ್ತಡ ಹೆಚ್ಚಿರುವಾಗ ಎತ್ತಿದರೆ ಖಾಡಿಯೇ ಬಸ್ತಿಯೊಳಗೆ ನುಗ್ಗುತ್ತದೆ. ತಡಮಾಡಿದರೆ ಮಳೆನೀರೇ ಶೆಟ್ಟಿಗಾರರ ತಾಯಿಯ ಮಂಚ ಮುಳುಗಿಸುತ್ತದೆ. ಸರಿಯಾದ ಗಳಿಗೆ ಯಾವುದೆಂದು ಮೂವರಲ್ಲಿ ಯಾರಿಗೂ ಒಬ್ಬೊಬ್ಬರಾಗಿ ಗೊತ್ತಿರಲಿಲ್ಲ.

ಭರತ ಇಳಿತದ ಪಟ್ಟಿಯ ಪ್ರಕಾರ ಇಳಿತ ಶುರುವಾಗಿತ್ತು. ಕಿಟಕಿಯಿಂದ ನೋಡಿದರೆ ಖಾಡಿಯ ಮೇಲಿನ ನೊರೆ, ಥರ್ಮೋಕೋಲ್ ಚೂರುಗಳು ಸಮುದ್ರದ ಕಡೆಗೇ ಸಾಗುತ್ತಿದ್ದವು.

"ನೋಡಿ ಮೇಡಂ, ನೊರೆ ಹೊರಗೆ ಹೋಗ್ತಾ ಉಂಟು. ಇನ್ನು ಎಂತ ಕಾಯುದು?" ಎಂದು ಶೆಟ್ಟಿಗಾರರು ಚಕ್ರಕ್ಕೆ ಕೈ ಹಾಕಿದರು. ನನ್ನ ಮನಸ್ಸೂ ಅದಕ್ಕೇ ಒಪ್ಪಿತ್ತು.

ನಾಖವಾ ಅಡ್ಡ ನಿಂತರು. "ಥಾಂಬ್ ಅಣ್ಣಾ, ನಿಲ್ಲು. ಮೇಲೆ ಹೋಗ್ತಿರೋದು ಮಳೆನೀರು, ಅದಕ್ಕೆ ಯಾವಾಗಲೂ ಗಡಿಬಿಡಿ. ಖಾಡಿ ಕೆಳಗಿದೆ. ಅದು ಇನ್ನೂ ಒಳಗೇ ಬರ್ತಿದೆ." ಅವರ ಮರಾಠಿಯನ್ನು ಇಲ್ಲಿಂದ ಮುಂದೆ ಕನ್ನಡದಲ್ಲೇ ಕೊಡುತ್ತೇನೆ.

ಅವರು ಬಲೆಯ ಸೀಸದ ಗುಂಡುಗಳನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಹಗ್ಗಕ್ಕೆ ಬಿಗಿದು, ಉಘಡಿಯ ಹೊರಬದಿಯಲ್ಲಿ ತಳದವರೆಗೆ ಇಳಿಬಿಟ್ಟರು. ಹಗ್ಗವನ್ನು ಎರಡು ಬೆರಳಿನಲ್ಲಿ ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಮೇಲೆ ನೊರೆ ಸಮುದ್ರದ ಕಡೆ ಹೋಗುತ್ತಿದ್ದರೆ, ಕೆಳಗೆ ಗಂಟನ್ನು ಯಾರೋ ನಮ್ಮ ಕಡೆಗೆ ಎಳೆಯುತ್ತಿದ್ದಂತಿತ್ತು. ಉಪ್ಪುನೀರು ಸಿಹಿನೀರಿಗಿಂತ ಭಾರ, ನದೀಮುಖಗಳಲ್ಲಿ ಅದು ಅಡಿಯಲ್ಲಿ ಬೆಣೆಯ ಹಾಗೆ ನುಗ್ಗುತ್ತದೆ ಎಂದು ನಾನು ಎಷ್ಟೋ ತರಬೇತಿಗಳಲ್ಲಿ ಪಾಠ ಮಾಡಿದ್ದೆ. ಅದು ಕೈಗೆ ತಾಗಿದ್ದು ಅಂದೇ. ಉಘಡಿಯ ಬಾಯಿ ಇರುವುದು ತಳದಲ್ಲಿ. ಎತ್ತಿದ್ದರೆ ಮೊದಲು ಒಳಗೆ ಬರುತ್ತಿದ್ದುದು ಆ ಉಪ್ಪುನೀರು.

ಕಾದೆವು. ಶೆಟ್ಟಿಗಾರರು ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನೆಟ್‌ವರ್ಕ್ ಇಲ್ಲದ ಫೋನನ್ನು ಒತ್ತುತ್ತಲೇ ಇದ್ದರು. ನಾನು ಪರದೆ ನೋಡುತ್ತಿದ್ದೆ, ನಾಖವಾ ಹಗ್ಗ ಹಿಡಿದಿದ್ದರು. ಕೊಳದ ನೀರು ಕೋಣೆಯ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿತ್ತು. ಓಡಿಹೋಗಲು ಜಾಗವಿಲ್ಲದ ಕಡೆ ಮನುಷ್ಯನಿಗೆ ಸಿಟ್ಟು ಬರುತ್ತದೆ, ನನಗೂ ಬಂತು. ಗೇಟಿನ ಹೂಳು ತೆಗೆಸದವರ ಮೇಲೆ, ಮಳೆಯ ಮೇಲೆ, ಹಗ್ಗ ಹಿಡಿದು ಸುಮ್ಮನೆ ನಿಂತ ಆ ಮುದುಕರ ಮೇಲೆ.

ಕೊನೆಗೆ ಅವರು, "ಹಗ್ಗ ನೆಟ್ಟಗಾಯಿತು" ಎಂದರು. ಅಡಿಯ ನೀರು ಒಳಗೂ ಹರಿಯುತ್ತಿರಲಿಲ್ಲ, ಹೊರಗೂ ಹರಿಯುತ್ತಿರಲಿಲ್ಲ.

"ಹಾಗಾದರೆ ಎತ್ತೋಣ" ಎಂದೆ.

"ಈಗಲ್ಲ. ಹಗ್ಗ ಹೊರಗೆ ಎಳೆಯಬೇಕು, ಚೆನ್ನಾಗಿ ಎಳೆಯಬೇಕು. ನೆಟ್ಟಗಿನ ಹಗ್ಗಕ್ಕೆ ಉಘಡಿ ಎತ್ತುವ ಪದ್ಧತಿ ಇಲ್ಲ. ನನ್ನ ಅಪ್ಪ ಎತ್ತಿಲ್ಲ, ಅಜ್ಜ ಎತ್ತಿಲ್ಲ."

ನಾನು ಪರದೆಯ ಗೆರೆ ತೋರಿಸಿದೆ. ಅಷ್ಟು ಹೊತ್ತು ಕಾದರೆ ಬಸ್ತಿಯ ಮಂಚಗಳು ಮುಳುಗುವುದು ಖಚಿತವಾಗಿತ್ತು. ಅವರು ಒಪ್ಪಲಿಲ್ಲ. "ಒಳಗೆ ಬೇಕಾದಷ್ಟು ಜಾಗ ಇದೆ ಮ್ಯಾಡಮ್, ನೀರು ಹರಡಿಕೊಳ್ಳುತ್ತದೆ." ಖಾಡಿಯ ಕಡೆಯ ಪ್ರತಿ ಅಲೆ ಗೊತ್ತಿದ್ದ ಮನುಷ್ಯ, ಒಡ್ಡಿನ ಒಳಗಡೆಯನ್ನು ತಮ್ಮ ಚಿಕ್ಕಂದಿನ ಕಣ್ಣಿನಲ್ಲೇ ನೋಡುತ್ತಿದ್ದರು. ನೀರು ಹರಡಿಕೊಳ್ಳಬೇಕಿದ್ದ ಕಡೆಯೆಲ್ಲ ಮಣ್ಣು ತುಂಬಿ ಬಹುಮಹಡಿ ಕಟ್ಟಡಗಳು ಎದ್ದಿದ್ದವು. ಇನ್ನು ವಾದ ಮಾಡಿ ಫಲವಿಲ್ಲ ಅನ್ನಿಸಿ, ಒಂದೇ ಪ್ರಶ್ನೆ ಕೇಳಿದೆ.

"ನೆಟ್ಟಗಿರುವಾಗ ಯಾಕೆ ಎತ್ತುತ್ತಿರಲಿಲ್ಲ?"

"ಎತ್ತಿದ ಕೂಡಲೇ ಒಂದಿಷ್ಟು ಉಪ್ಪುನೀರು ಒಳಗೆ ನುಸುಳುತ್ತದೆ. ಭತ್ತ ಸುಟ್ಟುಹೋಗುತ್ತದೆ. ಆ ಗದ್ದೆ ಮತ್ತೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು."

"ಭತ್ತ ಎಲ್ಲಿದೆ ನಾಖವಾ?"

ಅವರು ತಿರುಗಿ ಕೊಳದ ಕಡೆ ನೋಡಿದರು. ಮಳೆಯಲ್ಲಿ ಆ ಕಟ್ಟಡಗಳ ತಲೆ ಕಾಣುತ್ತಿರಲಿಲ್ಲ, ಕೆಳಗೆ ಬಸ್ತಿಯ ತಗಡಿನ ಮಾಡುಗಳು ಮಾತ್ರ ಕಾಣುತ್ತಿದ್ದವು. ಅವರ ಕಣ್ಣು ತುಂಬಿತು, ಅದನ್ನು ಮರೆಮಾಡಲೂ ಹೋಗಲಿಲ್ಲ. "ಖರಂ ಆಹೆ" ಎಂದರು, ನಿಜ ಎಂದು.

ಚಕ್ರದ ಹತ್ತಿರ ಬಂದವರು ಮತ್ತೆ ತಡೆದರು. ಉಘಡಿಗೆ ಎರಡು ಕೈ ಬೇಕಂತೆ. ಹೊರಗೆ ದೋಣಿ ಇರುವವನದು ಒಂದು, ಒಳಗೆ ಗದ್ದೆ ಇರುವವನದು ಒಂದು. ಕೋಳಿಯೊಬ್ಬನೇ ಎತ್ತಿದರೆ ಮೀನಿಗಾಗಿ ಎತ್ತಿದ ಎನ್ನುತ್ತಾರೆ, ಆಗ್ರಿಯೊಬ್ಬನೇ ಎತ್ತಿದರೆ ಖಾಡಿ ನೋಡದೆ ಎತ್ತಿದ ಎನ್ನುತ್ತಾರೆ. ಇಬ್ಬರೂ ಕೈ ಹಾಕಿದರೆ ಮುಂದಾಗುವುದಕ್ಕೆ ಇಬ್ಬರೂ ಜವಾಬ್ದಾರರು. ಒಳಗಿನ ಕೊನೆಯ ಆಗ್ರಿ ಮನೆತನ ಭೂಮಿ ಬಿಟ್ಟು ಬದಲಾಪುರಕ್ಕೆ ಹೋದ ಮೇಲೆ ಈ ಚಕ್ರವನ್ನು ಯಾರೂ ಪದ್ಧತಿ ಪ್ರಕಾರ ಮುಟ್ಟಿರಲಿಲ್ಲ.

ನಾನು ಕೈ ಚಾಚಿದೆ. ನಾಖವಾ ಬೇಡವೆಂದು ತಲೆಯಾಡಿಸಿದರು. "ನೀವು ಡೊಂಬಿವಲಿಗೆ ಹೋಗುವವರು. ಅಣ್ಣಾ, ನೀನು ಬಾ."

"ನಮ್ಮದು ಎಂತದೂ ಇಲ್ಲ ಕಾಕಾ ಇಲ್ಲಿ" ಎಂದರು ಶೆಟ್ಟಿಗಾರರು. "ಬಾಡಿಗೆ ಖೋಲಿ. ಊರು ಮೂಲ್ಕಿ."

"ತಾಯಿ ಯಾವ ಕಡೆ ಮಲಗಿದ್ದಾಳೆ?"

ಶೆಟ್ಟಿಗಾರರು ಬಂದು ಚಕ್ರ ಹಿಡಿದರು. ನಾಖವಾ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿದರು, ಎರಡೂ ಕಡೆಯಿಂದ ಇಬ್ಬರು ತಿರುಗಿಸಿದರು, ನಾನು ಪರದೆಯ ಮುಂದೆ ನಿಂತೆ. ಬಾಗಿಲು ಕಿರುಗುಟ್ಟಿ ಮೇಲೆದ್ದಿತು. ಹಗ್ಗ ಮೊದಲು ನಮ್ಮ ಕಡೆಗೆ ವಾಲಿತು. ಆಮೇಲೆ ಹೊರಕ್ಕೆ ವಾಲಿತು, ಬಿಗಿಯಾಯಿತು, ಸರಳಿಗೆ ಹಾಕಿದ್ದ ಗಂಟನ್ನೇ ಬಿಡಿಸಿಕೊಂಡು ಹೋಯಿತು. ಪರದೆಯ ಗೆರೆ ನಿಂತಿತು. ನಿಧಾನಕ್ಕೆ ಇಳಿಯತೊಡಗಿತು. ಶೆಟ್ಟಿಗಾರರು ಚಕ್ರಕ್ಕೆ ಹಣೆ ಹಚ್ಚಿ ಅತ್ತರು.

ಬೆಳಕಿರುವಾಗಲೇ ದಾರಿ ತೆರೆದುಕೊಂಡಿತು. ಮೂವರೂ ಬಸ್ತಿಗೆ ಹೋದೆವು. ಖೋಲಿಯ ಗೋಡೆಯಲ್ಲಿ ನೀರು ನಿಂತ ಗುರುತು ಮಂಚದ ಪಟ್ಟಿಗೆ ಅಂಟಿಕೊಂಡಂತಿತ್ತು. ಪಕ್ಕದ ಮನೆಯ ಹೆಂಗಸು ಮಂಚದ ಮೇಲೆಯೇ ಕೂತು ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಾಸಿಗೆ ಒದ್ದೆಯಾಗಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ಶೆಟ್ಟಿಗಾರರು ತಾಯಿಯ ಕಾಲು ಹಿಡಿದುಕೊಂಡು ನಡೆದುದನ್ನೆಲ್ಲ ತುಳುವಿನಲ್ಲಿ ಹೇಳಿದರು, ನನಗೆ ಅಲ್ಪಸ್ವಲ್ಪ ತಿಳಿಯಿತು. ಹಗ್ಗದ ವಿಷಯ, ನನ್ನ ಮೆಷಿನ್ನಿನ ವಿಷಯ, ಇವರಿಬ್ಬರೂ ಇರದಿದ್ದರೆ ಏನಾಗುತ್ತಿತ್ತು ಎಂಬುದು. ಮುದುಕಿ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿ, ನನಗೆ ಅರ್ಥವಾಗಲೆಂದು ಕನ್ನಡದಲ್ಲೇ ಕೇಳಿದರು.

"ಇವತ್ತು ನೀರು ಬರ್ತದೆ ಅಂತ ನಿಮಗಿಬ್ಬರಿಗೂ ಮೊದಲೇ ಗೊತ್ತಿತ್ತಾ?"

ಗೊತ್ತಿತ್ತು. ಅಮಾವಾಸ್ಯೆಯ ಭರತ, ಅಂಥ ಮಳೆ. ಅದಕ್ಕೇ ನಾನು ಅಳತೆಗೆ ಹೋಗಿದ್ದೆ, ನಾಖವಾ ದೋಣಿ ಬಿಗಿಯಲು ಬಂದಿದ್ದರು. ನಾನು ಹೌದೆಂದೆ. ಪ್ರಶ್ನೆಯನ್ನು ನನ್ನಿಂದ ಮರಾಠಿಯಲ್ಲಿ ತಿಳಿದುಕೊಂಡು ನಾಖವಾರೂ ಹೌದೆಂದರು.

"ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು? ನನ್ನನ್ನು ನಿನ್ನೆಯೇ ಪಕ್ಕದ ಓಣಿಯ ಮಾಳಿಗೆ ಮನೆಗೆ ಎತ್ತಿಕೊಂಡು ಹೋಗ್ತಿದ್ರು."

ಭರತ ಇಳಿತದ ಪಟ್ಟಿ ಹುಟ್ಟಿದ್ದು ಬಂದರಿನ ಹಡಗುಗಳನ್ನು ಕಾಯಲು. ನಾಖವಾರ ಅಜ್ಜನ ಪದ್ಧತಿ ಹುಟ್ಟಿದ್ದು ಭತ್ತವನ್ನು ಕಾಯಲು. ಎರಡೂ ಸುಳ್ಳಲ್ಲ, ನನ್ನ ಪರದೆಯನ್ನೂ ಅವರ ಹಗ್ಗವನ್ನೂ ಸೇರಿಸಿದ್ದರಿಂದಲೇ ಉಘಡಿ ಸರಿಯಾದ ಹೊತ್ತಿಗೆ ಎದ್ದಿತು. ಆದರೆ ಪಟ್ಟಿಯಲ್ಲಾಗಲಿ ಪದ್ಧತಿಯಲ್ಲಾಗಲಿ ಮಂಚದ ಮೇಲೆ ಮಲಗಿದವರ ಲೆಕ್ಕ ಇರಲಿಲ್ಲ. ಎರಡು ಜ್ಞಾನಗಳನ್ನು ಕೂಡಿಸುವ ಮಾತು ಬಂದಾಗಲೆಲ್ಲ ಈಗ ನಾನು ಮೊದಲು ಕೇಳುವುದು ಇಷ್ಟೇ: ಇದು ಯಾರನ್ನು ಕಾಯುತ್ತದೆ, ಅವರಿಗೆ ಇದನ್ನು ಹೇಳುವವರು ಯಾರು. ನಮ್ಮ ಮಾಡೆಲ್ ಮುಗಿಯಲು ಮತ್ತೂ ಒಂದು ವರ್ಷ ಹಿಡಿಯಿತು. ಮುಂದಿನ ಹುಣ್ಣಿಮೆಯ ಭರತಕ್ಕೆ ನಾವು ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ಹಿಂದಿನ ಸಂಜೆಯೇ ನಾನೂ ನಾಖವಾರೂ ಬಸ್ತಿಗೆ ಹೋಗಿ ಒಂದೊಂದು ಬಾಗಿಲನ್ನೂ ತಟ್ಟಿದೆವು. ಮೊದಲು ತಟ್ಟಿದ್ದು ಆ ಖೋಲಿಯ ಬಾಗಿಲನ್ನು. ಒಳಗೆ ಮಂಚ ಖಾಲಿಯಿತ್ತು. ಮಳೆಗಾಲ ಮುಗಿಯುವವರೆಗೆ ಅಮ್ಮನನ್ನು ಮಾಳಿಗೆ ಮನೆಯಲ್ಲಿ ಮಲಗಿಸಿದ್ದೇವೆ ಎಂದು ಶೆಟ್ಟಿಗಾರರ ಹೆಂಡತಿ ಹೇಳಿದರು.